ಪ್ರೊಪೋಲಿಸ್ ಹನಿ: ಯಾವ ಹುಳದ್ದು, ಯಾವ ಮರದ್ದು?

ಜೇನುತುಪ್ಪ ನಮ್ಮ ಕಡೆ ಹೊಸದಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಅಂಗಡಿಗಳಲ್ಲಿ ಕಾಫಿ ಪುಡಿ, ಏಲಕ್ಕಿ, ಕಾಳುಮೆಣಸಿನ ಪಕ್ಕ ಅದು ಯಾವತ್ತೂ ಇರುತ್ತದೆ. ಈಗ ಅದರ ಬೆನ್ನಿಗೇ ಇನ್ನೊಂದು ಹೆಸರು ಮನೆಮನೆಗೆ ಬರುತ್ತಿದೆ: ಪ್ರೊಪೋಲಿಸ್, ಅಂದರೆ ಜೇನುಹುಳಗಳು ಮರದಿಂದ ತಂದು ಗೂಡಿಗೆ ಬಳಿಯುವ ಅಂಟು. ಕಪ್ಪು ಬಣ್ಣದ ಚಿಕ್ಕ ಬಾಟಲಿ, ಅದಕ್ಕೊಂದು ಡ್ರಾಪರ್. ಇಲ್ಲವೇ ಕ್ಯಾಪ್ಸೂಲ್. ದಿನಕ್ಕೆ ಇಷ್ಟು ಹನಿ ನೀರಿಗೆ ಹಾಕಿ ಕುಡಿದರೆ ನೆಗಡಿ ಬರಲ್ಲ, ಸಕ್ಕರೆ ಇಳಿಯುತ್ತದೆ, ಥೈರಾಯ್ಡ್ ಸರಿಹೋಗುತ್ತದೆ, ಕ್ಯಾನ್ಸರ್ ಕೂಡ ಹತ್ತಿರ ಸುಳಿಯಲ್ಲ ಎಂಬ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತಿವೆ.

ಇದರಲ್ಲಿ ಒಂದಷ್ಟು ನಿಜ ಇದೆ. ಬಹಳಷ್ಟು ಇನ್ನೂ ಸಾಬೀತಾಗಿಲ್ಲ. ಕೆಲವು ಶುದ್ಧ ಸುಳ್ಳು. ಆದರೆ ಪ್ರೊಪೋಲಿಸ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಕೇಳಬೇಕಾದ ಇನ್ನೆರಡು ಪ್ರಶ್ನೆಗಳಿವೆ. ಇದು ಯಾವ ಹುಳ ತಂದಿದ್ದು? ಯಾವ ಮರದಿಂದ ತಂದಿದ್ದು? ಇವೆರಡಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಯಾವ ಮಾತಿಗೂ ಅರ್ಥ ಇರುವುದಿಲ್ಲ.

ಮೊದಲು ವಸ್ತು ಏನು ಅಂತ ನೋಡೋಣ. ಜೇನುಹುಳಗಳು ಮರದ ಚಿಗುರು, ಮೊಗ್ಗು, ತೊಗಟೆಯ ಗಾಯಗಳಿಂದ ಜಿನುಗುವ ರಾಳವನ್ನು ಕಚ್ಚಿ ತೆಗೆಯುತ್ತವೆ. ಪರಾಗ ತರುವ ಹಾಗೆಯೇ ಅದನ್ನೂ ಹಿಂಗಾಲಿಗೆ ಮೆತ್ತಿಕೊಂಡು ಗೂಡಿಗೆ ತರುತ್ತವೆ. ಅಲ್ಲಿ ಮೇಣ ಬೆರೆಸಿ ಬಿರುಕು ಮುಚ್ಚುತ್ತವೆ, ಗೋಡೆಗೆ ಬಳಿಯುತ್ತವೆ. ಹೆಚ್ಚು ಅಧ್ಯಯನವಾಗಿರುವ ಬಗೆಯಲ್ಲಿ ಸುಮಾರು ಅರ್ಧ ಪಾಲು ರಾಳ, ಮೂರನೇ ಒಂದು ಪಾಲು ಮೇಣ, ಉಳಿದದ್ದು ಸುವಾಸನೆಯ ಎಣ್ಣೆ, ಪರಾಗ ಇತ್ಯಾದಿ. ಬಿಸಿಲಿಗೆ ಕೈಗೆ ಅಂಟುತ್ತದೆ, ಚಳಿಗೆ ಗಾಜಿನ ಹಾಗೆ ಪುಡಿಯಾಗುತ್ತದೆ.

ಹುಳಗಳಿಗೆ ಇದು ಬರೀ ಗಾರೆಯಲ್ಲ. ಗೂಡಿನೊಳಗೆ ಇಲಿ ನುಗ್ಗಿ ಸತ್ತರೆ ಅದನ್ನು ಹೊರಗೆ ಎಳೆದು ಹಾಕುವ ಶಕ್ತಿ ಹುಳಗಳಿಗಿಲ್ಲ. ಆಗ ಅದರ ಮೇಲೆ ಪೂರ್ತಿ ಈ ಅಂಟನ್ನು ಬಳಿದು ಕೊಳೆಯದಂತೆ ಮುಚ್ಚಿಬಿಡುತ್ತವೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರು 2009ರಲ್ಲಿ ಒಂದು ಒಳ್ಳೆಯ ಸಂಗತಿ ತೋರಿಸಿದರು. ರಾಳ ಬಳಿದ ಪೆಟ್ಟಿಗೆಯಲ್ಲಿದ್ದ ಹುಳಗಳ ದೇಹ ರೋಗದ ವಿರುದ್ಧ ಹೋರಾಡಲು ಕಡಿಮೆ ಶ್ರಮ ಪಡುತ್ತಿತ್ತು. ಅಂದರೆ ಗೋಡೆಯೇ ಅರ್ಧ ಕೆಲಸ ಮಾಡುತ್ತಿತ್ತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹುಳಗಳು ಇದನ್ನು ಆಹಾರವಾಗಿ ತಿನ್ನುವುದಿಲ್ಲ. ಬಳಿಯುತ್ತವೆ. ಮನುಷ್ಯರ ಮೇಲಿನ ಪುರಾವೆಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಈಗ ಹುಳದ ಪ್ರಶ್ನೆ. ನಮ್ಮ ಮಲೆನಾಡಿನಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಎಲ್ಲವೂ ಇವೆ. ತೋಟದ ಮನೆಗಳ ಅಂಗಳದಲ್ಲಿ ಪೆಟ್ಟಿಗೆಯಲ್ಲಿ ಇರುವುದು ಹೆಚ್ಚಾಗಿ ತುಡುವೆ. ವಿಷಯ ಏನೆಂದರೆ, ತುಡುವೆ ಹುಳ ಪ್ರೊಪೋಲಿಸ್ ತರುವುದೇ ಇಲ್ಲ ಎನ್ನುವಷ್ಟು ಕಡಿಮೆ. ತುಡುವೆ ಸಾಕಿದವರು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಸಲೀಸಾಗಿ ಬರುತ್ತದೆ. ಅದೇ ಯುರೋಪಿನ ಮೆಲ್ಲಿಫೆರಾ ಎಂಬ ಜೇನುಹುಳದ ಪೆಟ್ಟಿಗೆಯಾದರೆ ಮುಚ್ಚಳ ಅಂಟಿಕೊಂಡಿರುತ್ತದೆ, ಉಳಿ ಹಾಕಿ ಮೀಟಬೇಕು. ಕೋಲುಜೇನು ತಾನು ಗೂಡು ಕಟ್ಟಿದ ಕಡ್ಡಿಯ ಎರಡೂ ಬದಿಗೆ ಇರುವೆ ದಾಟದಂತೆ ಅಂಟಿನ ಬಳೆ ಹಾಕುತ್ತದೆ, ಅಷ್ಟೇ. ನಮ್ಮಲ್ಲಿ ನಿಜವಾಗಿ ರಾಳದ ಮೇಲೇ ಬದುಕು ಕಟ್ಟಿಕೊಂಡಿರುವುದು ಮುಜಂಟಿ. ಕೆಲವು ಕಡೆ ಮಿಸ್ರಿ, ನಸರಿ ಅಂತಲೂ ಕರೆಯುತ್ತಾರೆ. ಕಲ್ಲು ಗೋಡೆಯ ಸಂದಿನಲ್ಲಿ, ಮರದ ಪೊಟರೆಯಲ್ಲಿ ಇರುವ ಆ ಕಪ್ಪು ಚಿಕ್ಕ ಹುಳ ಬಾಗಿಲ ಕೊಳವೆಯಿಂದ ತುಪ್ಪದ ಗಡಿಗೆಗಳವರೆಗೆ ಎಲ್ಲವನ್ನೂ ಮೇಣ, ರಾಳ ಬೆರೆಸಿಯೇ ಕಟ್ಟುತ್ತದೆ.

ಹಾಗಾಗಿ ‘ಮಲೆನಾಡಿನ ತುಡುವೆ ಜೇನಿನ ಪ್ರೊಪೋಲಿಸ್’ ಅಂತ ಯಾರಾದರೂ ಮಾರಿದರೆ ಅನುಮಾನ ಪಡಲೇಬೇಕು. ಅದು ಮೆಲ್ಲಿಫೆರಾದ್ದಾಗಿರಬಹುದು, ಮುಜಂಟಿಯದ್ದಾಗಿರಬಹುದು, ಹೊರಗಿನಿಂದ ಬಂದ ಪುಡಿಯಿಂದ ಮಾಡಿದ್ದೂ ಆಗಿರಬಹುದು. ಮೆಲ್ಲಿಫೆರಾ ನಮ್ಮ ಕಡೆ ಹರಡಿದ್ದಕ್ಕೂ ಒಂದು ನೋವಿನ ಹಿನ್ನೆಲೆ ಇದೆ. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ 90 ಭಾಗಕ್ಕೂ ಜಾಸ್ತಿ ಸತ್ತುಹೋದವು. ಪೆಟ್ಟಿಗೆಗಳು ಖಾಲಿಯಾದವು. ಆಮೇಲೆಯೇ ಕರ್ನಾಟಕದಲ್ಲಿ ಮೆಲ್ಲಿಫೆರಾ ಸಾಕಣೆಗೆ ಒತ್ತು ಸಿಕ್ಕಿದ್ದು.

ಮರದ ಪ್ರಶ್ನೆ ಇದಕ್ಕಿಂತ ದೊಡ್ಡದು. ಯುರೋಪಿನಲ್ಲಿ ಹುಳಗಳು ಮುಖ್ಯವಾಗಿ ಪಾಪ್ಲರ್ ಮರದ ಮೊಗ್ಗಿನಿಂದ ರಾಳ ತರುತ್ತವೆ. ಅದರಲ್ಲಿ ಕ್ರೈಸಿನ್, ಗ್ಯಾಲಂಜಿನ್, ಪಿನೊಸೆಂಬ್ರಿನ್ ಎಂಬ ಫ್ಲೇವನಾಯ್ಡ್‌ಗಳು, ಅಂದರೆ ಒಂದು ಬಗೆಯ ಸಸ್ಯ ರಾಸಾಯನಿಕಗಳು, ಇರುತ್ತವೆ. ಬ್ರೆಜಿಲಿನ ಪ್ರಸಿದ್ಧ ಹಸಿರು ಪ್ರೊಪೋಲಿಸ್ ಬರುವುದು ಬಕಾರಿಸ್ ಎಂಬ ಪೊದೆಯಿಂದ. ಅದರ ಮುಖ್ಯ ಅಂಶ ಆರ್ಟೆಪಿಲಿನ್ ಸಿ. ಇದು ಪಾಪ್ಲರ್ ರಾಳದ ಗುರುತಿನ ಅಂಶವೇ ಅಲ್ಲ. ಅದೇ ಬ್ರೆಜಿಲಿನ ಕರಾವಳಿಯ ಕೆಂಪು ಪ್ರೊಪೋಲಿಸ್ ಬರುವುದು ನಮ್ಮ ಬೀಟೆ ಮರದ ಜಾತಿಗೆ ಸೇರಿದ ಇನ್ನೊಂದು ಗಿಡದಿಂದ. ಅದರ ರಸಾಯನವೇ ಬೇರೆ. ಮೂರೂ ಪ್ರೊಪೋಲಿಸ್ಸೇ. ಆದರೆ ಮೂರೂ ಒಂದೇ ಅಲ್ಲ.

ಕಷಾಯ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಮ್ಮ ಮನೆಯ ಹಿರಿಯರು ಮೊದಲು ಯಾವುದರ ಕಷಾಯ ಅಂತ ಕೇಳುತ್ತಾರೆ, ಅಲ್ವಾ? ಜೀರಿಗೆಯದ್ದೋ, ಅಮೃತಬಳ್ಳಿಯದ್ದೋ, ಶುಂಠಿಯದ್ದೋ ಗೊತ್ತಾಗದೆ ಅದು ಯಾವುದಕ್ಕೆ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಪ್ರೊಪೋಲಿಸ್ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ನಾವು ಮರೆತುಬಿಟ್ಟಿದ್ದೇವೆ. ಬ್ರೆಜಿಲಿನಲ್ಲಿ ಪ್ರಯೋಗ ಆಯಿತು, ಜಪಾನಿನಲ್ಲಿ ಆಯಿತು ಎಂದು ಹೇಳಿ ಇಲ್ಲಿ ಯಾವುದೋ ಬಾಟಲಿ ಮಾರಲಾಗುತ್ತದೆ.

ನಮ್ಮ ತೋಟಗಳಲ್ಲಿ ಪಾಪ್ಲರ್ ಇಲ್ಲ, ಬಕಾರಿಸ್ ಇಲ್ಲ. ಇರುವುದು ಸಿಲ್ವರ್ ಓಕ್, ಹಲಸು, ಮಾವು, ಹೊನ್ನೆ, ಬೀಟೆ. ಘಟ್ಟದ ಕಾಡಿನಲ್ಲಿ ಧೂಪ. ಇವುಗಳಲ್ಲಿ ಜಿನುಗುವುದೆಲ್ಲ ರಾಳವೂ ಅಲ್ಲ. ಕೆಲವು ಮರದ್ದು ನೀರಿನಲ್ಲಿ ಕರಗುವ ಬರೀ ಗೋಂದು. ಮೂಡಿಗೆರೆಯ ತೋಟದಲ್ಲಿ ಕೂತ ಹುಳ ತರುವುದು ಒಂದು, ಅರಸೀಕೆರೆಯ ತೆಂಗಿನ ಸೀಮೆಯ ಹುಳ ತರುವುದು ಇನ್ನೊಂದು. ಮಳೆಗಾಲಕ್ಕೆ ಮುಂಚೆ ಒಂದು, ಆಮೇಲೆ ಒಂದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪ್ರೊಪೋಲಿಸ್ ಬಗ್ಗೆ ಕಂಪನಿಗಳು ಮುಂದಿಟ್ಟ ಆರೋಗ್ಯದ ಹೇಳಿಕೆಗಳನ್ನು ಒಪ್ಪಲಿಲ್ಲ. ಮುಖ್ಯ ಕಾರಣ ಇದೇ: ಬಾಟಲಿಯೊಳಗೆ ಇರುವುದು ನಿಖರವಾಗಿ ಏನು ಎಂಬುದೇ ಸ್ಪಷ್ಟವಾಗಿಲ್ಲದಾಗ ಅದರಿಂದ ಇಂಥ ಲಾಭ ಆಗುತ್ತದೆ ಅಂತ ಹೇಳುವುದು ಹೇಗೆ?

ಇಷ್ಟು ಹೇಳಿದ ಮೇಲೆ ಪುರಾವೆಗೆ ಬರೋಣ. ಪುರಾವೆ ಇಲ್ಲವೇ ಇಲ್ಲ ಅಂತಲ್ಲ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ನೋಡಬೇಕು.

ಗಟ್ಟಿ ಇರುವುದು ಮೇಲಿಂದ ಹಚ್ಚುವುದರಲ್ಲಿ. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಏಳುವ ಹರ್ಪಿಸ್ ಗುಳ್ಳೆಗೆ 0.5 ಶೇಕಡ ಪ್ರೊಪೋಲಿಸ್ ಇರುವ ಕ್ರೀಮನ್ನು ಯುರೋಪಿನಲ್ಲಿ ಸುಮಾರು 400 ಮಂದಿಯ ಮೇಲೆ ಪರೀಕ್ಷಿಸಿದರು. ಪಕ್ಕದಲ್ಲಿ ಹೋಲಿಕೆಗೆ ಇದ್ದದ್ದು ಡಾಕ್ಟರು ಬರೆಯುವ ಅಸೈಕ್ಲೊವಿರ್ ಕ್ರೀಮ್. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಪ್ರೊಪೋಲಿಸ್ ಹಚ್ಚಿದವರ ಗುಳ್ಳೆ 3 ದಿನಕ್ಕೆ, ಅಸೈಕ್ಲೊವಿರ್ ಹಚ್ಚಿದವರದ್ದು 4 ದಿನಕ್ಕೆ ಮಾಗಿತು. ದೊಡ್ಡ ಪವಾಡ ಅಲ್ಲ, ಆದರೆ ನಿಜವಾದ ಲಾಭ. ಕೀಮೋ ತೆಗೆದುಕೊಳ್ಳುವವರಿಗೆ ಬಾಯಿ ತುಂಬಾ ಹುಣ್ಣಾಗುತ್ತದೆ. ಊಟ ಸೇರುವುದಿಲ್ಲ, ನೀರು ಕುಡಿದರೂ ಉರಿ. ಅಂಥವರು ಪ್ರೊಪೋಲಿಸ್ ಇರುವ ದ್ರವದಲ್ಲಿ ಬಾಯಿ ಮುಕ್ಕಳಿಸಿದರೆ ಹುಣ್ಣಿನ ತೀವ್ರತೆ ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ನನಗೆ ಇದು ಇಡೀ ವಿಷಯದಲ್ಲೇ ಹೆಚ್ಚು ಬೆಲೆಯುಳ್ಳ ಸಂಗತಿ ಅನಿಸುತ್ತದೆ. ಜಾಹೀರಾತಿನಲ್ಲಿ ಇದರ ಸುದ್ದಿಯೇ ಬರುವುದಿಲ್ಲ. ‘ಕ್ಯಾನ್ಸರ್ ತಡೆಯುತ್ತದೆ’ ಎಂಬ ಮಾತು ಮಾತ್ರ ಬರುತ್ತದೆ.

ಹುಳ ಗೋಡೆಗೆ ಬಳಿಯುತ್ತದೆ ಎಂದೆನಲ್ಲ, ಮನುಷ್ಯರಲ್ಲೂ ಅದರ ಕೆಲಸ ಚೆನ್ನಾಗಿ ಕಾಣುವುದು ತುಟಿ, ಬಾಯಿ, ಚರ್ಮದ ಮೇಲೆಯೇ. ನುಂಗಿದಾಗ ಕಥೆ ಬದಲಾಗುತ್ತದೆ.

ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಜನ ಹೆಚ್ಚಾಗಿ ಈ ಬಾಟಲಿ ಕೊಳ್ಳುವುದು ಇದಕ್ಕೇ. ಇರಾನಿನಲ್ಲಿ ಟೈಪ್ 2 ಮಧುಮೇಹ ಇರುವವರ ಮೇಲೆ ಪ್ರಯೋಗಗಳು ನಡೆದಿವೆ. ಒಂದರಲ್ಲಿ 66 ಮಂದಿ, ಇನ್ನೊಂದರಲ್ಲಿ 94 ಮಂದಿ. ದಿನಕ್ಕೆ 900ರಿಂದ 1,000 ಮಿಲಿಗ್ರಾಂ, ಸುಮಾರು 3 ತಿಂಗಳು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, ಸ್ವಲ್ಪ ಇಳಿಯಿತು. ಜಪಾನಿನಲ್ಲಿ ಹಸಿರು ಪ್ರೊಪೋಲಿಸ್ಸನ್ನು ಇದಕ್ಕಿಂತ ತುಂಬಾ ಕಡಿಮೆ ಪ್ರಮಾಣದಲ್ಲಿ 8 ವಾರ ಕೊಟ್ಟಾಗ ಸಕ್ಕರೆ ಇಳಿಯಲಿಲ್ಲ. ಬೇರೆ ಪ್ರೊಪೋಲಿಸ್, ಬೇರೆ ಪ್ರಮಾಣ, ಬೇರೆ ಫಲ. ಇನ್ನೊಂದು ಮಾತು. ಇರಾನಿನ ರೋಗಿಗಳು ತಮ್ಮ ಮಾತ್ರೆ ಬಿಟ್ಟಿರಲಿಲ್ಲ. ಮಾತ್ರೆಯ ಜೊತೆಗೆ ಇದನ್ನೂ ತೆಗೆದುಕೊಂಡರು. ನಮ್ಮಲ್ಲಿ ಕೆಲವರು ಹನಿ ಶುರು ಮಾಡಿ ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ. ಅದಕ್ಕೆ ಜಗತ್ತಿನ ಯಾವ ಪ್ರಯೋಗದ ಬೆಂಬಲವೂ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಕೋವಿಡ್ ಕಾಲದಲ್ಲಿ ಪ್ರೊಪೋಲಿಸ್ ಹೆಸರು ಜೋರಾಗಿ ಕೇಳಿಬಂದದ್ದು ಬ್ರೆಜಿಲಿನ ಒಂದು ಪ್ರಯೋಗದಿಂದ. 2021ರಲ್ಲಿ ಪ್ರಕಟವಾದ ಅದರಲ್ಲಿ ಆಸ್ಪತ್ರೆ ಸೇರಿದ್ದ 124 ರೋಗಿಗಳಿದ್ದರು. ಕೆಲವರಿಗೆ ದಿನಕ್ಕೆ 400 ಮಿಲಿಗ್ರಾಂ, ಕೆಲವರಿಗೆ 800, ಉಳಿದವರಿಗೆ ಏನೂ ಇಲ್ಲ. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇದ್ದೇ ಇತ್ತು. ಪ್ರೊಪೋಲಿಸ್ ತೆಗೆದುಕೊಂಡವರು 7 ಮತ್ತು 6 ದಿನಕ್ಕೆ ಮನೆಗೆ ಹೋದರು, ಉಳಿದವರು 12 ದಿನಕ್ಕೆ. ಕೇಳಲು ದೊಡ್ಡ ವ್ಯತ್ಯಾಸ. ಆದರೆ ಆಮ್ಲಜನಕದ ಅಗತ್ಯ ಕಡಿಮೆಯಾಗಲಿಲ್ಲ. ಯಾರಿಗೆ ಪ್ರೊಪೋಲಿಸ್ ಕೊಟ್ಟಿದ್ದಾರೆ ಅಂತ ಡಾಕ್ಟರಿಗೂ ರೋಗಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದಾಗ ಡಿಸ್ಚಾರ್ಜ್ ಮಾಡುವ ತೀರ್ಮಾನದ ಮೇಲೂ ಅದರ ನೆರಳು ಬೀಳಬಹುದು. ಅಲ್ಲದೆ ಅಲ್ಲಿ ಬಳಸಿದ್ದು ಪ್ರಮಾಣೀಕರಿಸಿದ ಒಂದು ನಿರ್ದಿಷ್ಟ ಹಸಿರು ಪ್ರೊಪೋಲಿಸ್ ಸಾರ. ಪ್ರತಿ ಸಲವೂ ಒಂದೇ ಅಂಶ ಇರುವಂತೆ ಮಾಡಿದ್ದು. ನಮ್ಮ ಊರಿನ ಬಾಟಲಿಗೆ ಆ ಪ್ರಯೋಗದ ಹೆಸರು ಹಾಕುವುದು ತಪ್ಪು.

ಕ್ಯಾನ್ಸರ್ ಬಗ್ಗೆ ಸುತ್ತಿ ಬಳಸಿ ಹೇಳುವುದು ಬೇಡ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಪ್ರೊಪೋಲಿಸ್ ಸಾರ ಕೊಂದದ್ದಿದೆ. ಮನುಷ್ಯರ ಗೆಡ್ಡೆ ಇದರಿಂದ ವಾಸಿಯಾಗುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ.

ತಟ್ಟೆಯಲ್ಲಿ ಆಗುವುದು ಮೈಯೊಳಗೆ ಯಾಕೆ ಆಗುವುದಿಲ್ಲ? ಇದಕ್ಕೆ ಒಂದು ಸೊಗಸಾದ ಉದಾಹರಣೆ ಇದೆ. ಪಾಪ್ಲರ್ ಪ್ರೊಪೋಲಿಸ್ಸಿನ ಕ್ರೈಸಿನ್ ಪ್ರಯೋಗಾಲಯದಲ್ಲಿ ಬಹಳ ಚುರುಕಾದ ವಸ್ತು. 2001ರಲ್ಲಿ ಆರೋಗ್ಯವಂತ 7 ಮಂದಿಗೆ 400 ಮಿಲಿಗ್ರಾಂ ಶುದ್ಧ ಕ್ರೈಸಿನ್ ನುಂಗಿಸಿ ರಕ್ತ ಪರೀಕ್ಷಿಸಿದರು. ರಕ್ತಕ್ಕೆ ಸೇರಿದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕರುಳು ಮತ್ತು ಯಕೃತ್ತು ಅದನ್ನು ಕೂಡಲೇ ಬದಲಾಯಿಸಿ ಹೊರಗೆ ಹಾಕಿಬಿಡುತ್ತವೆ. ಬಹಳ ಹೊಗಳಿಸಿಕೊಂಡ ಇನ್ನೊಂದು ಅಂಶ, ಕೆಫಿಕ್ ಆಮ್ಲದಿಂದಾದ ಒಂದು ಸಂಯುಕ್ತ, ಇಲಿಗಳ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಬಾಯಿಯ ಹುಣ್ಣಿಗೆ ತಾಗಿದ ರಾಳ ನೇರವಾಗಿ ಅಲ್ಲೇ ಕೆಲಸ ಮಾಡುತ್ತದೆ. ನುಂಗಿದ್ದು ಶ್ವಾಸಕೋಶಕ್ಕೋ ಮೂತ್ರಪಿಂಡಕ್ಕೋ ಮುಟ್ಟುವ ಹೊತ್ತಿಗೆ ಮೊದಲಿನ ಹಾಗೆ ಇರುವುದಿಲ್ಲ.

ತೊಂದರೆಯ ಕಡೆಗೂ ನೋಡಬೇಕು. ‘ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಪ್ರೊಪೋಲಿಸ್ ಚರ್ಮದ ಅಲರ್ಜಿ ತರುವ ವಸ್ತು ಎಂದು ಚರ್ಮರೋಗದ ಡಾಕ್ಟರುಗಳಿಗೆ ಹಳೆಯ ಪರಿಚಯ. ಜೇನು ಸಾಕುವವರಲ್ಲೇ ಕೈ ಕೆಂಪಾಗಿ ತುರಿಸುವುದು ಇದೆ. ಹನಿಯನ್ನು ಬಾಯಿಗೆ ಹಾಕಿಕೊಂಡವರಿಗೆ ತುಟಿ ಊದಿದ್ದು, ಬಾಯಿ ಹುಣ್ಣಾದದ್ದೂ ದಾಖಲಾಗಿದೆ. ಆಸ್ತಮಾ ಇರುವವರು, ಜೇನು ಕಚ್ಚಿದರೆ ಮೈಯೆಲ್ಲ ದದ್ದು ಏಳುವವರು, ಪರಾಗದ ಅಲರ್ಜಿ ಇರುವವರು ದೂರ ಇರುವುದೇ ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಸುರಿಯರು, ಬಾಣಂತಿಯರು ಕೂಡ. ಹನಿ ರೂಪದ ಪ್ರೊಪೋಲಿಸ್ ಹೆಚ್ಚಾಗಿ ಮದ್ಯಸಾರದಲ್ಲಿ ಕರಗಿಸಿದ್ದು. ಅದನ್ನು ಮಕ್ಕಳ ಬಾಯಿಗೆ ಸುಮ್ನೆ ಹಾಕುವುದು ಬೇಡವೇ ಬೇಡ.

ಪ್ರಮಾಣದ ಗೊಂದಲವೂ ದೊಡ್ಡದೇ. 1998ರಲ್ಲಿ ಪ್ರಕಟವಾದ ಒಂದು ಸುರಕ್ಷತಾ ಪರಿಶೀಲನೆ ಇಲಿಗಳ ಮೇಲಿನ ಫಲಿತಾಂಶವನ್ನು ಹಿಡಿದು ಮನುಷ್ಯರಿಗೆ ದಿನಕ್ಕೆ ಸುಮಾರು 70 ಮಿಲಿಗ್ರಾಂ ಸುರಕ್ಷಿತ ಎಂದು ಲೆಕ್ಕ ಹಾಕಿತ್ತು. ತುಂಬಾ ಎಚ್ಚರಿಕೆಯ ಲೆಕ್ಕ ಅದು. ಆದರೆ ಮೇಲೆ ಹೇಳಿದ ಇರಾನ್, ಬ್ರೆಜಿಲಿನ ಪ್ರಯೋಗಗಳಲ್ಲಿ ಕೊಟ್ಟದ್ದು 400ರಿಂದ 1,000. ಅವು ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳ ಪ್ರಯೋಗ. ವರ್ಷಗಟ್ಟಲೆ ಪ್ರತಿದಿನ ನುಂಗಿದರೆ ಏನು ಎಂಬುದಕ್ಕೆ ಅವುಗಳಲ್ಲಿ ಉತ್ತರ ಇಲ್ಲ.

ಇನ್ನೊಂದು ಸಂಗತಿ ಜನರಿಗೆ ಗೊತ್ತೇ ಇರುವುದಿಲ್ಲ. ಹುಳಕ್ಕೆ ಬೇಕಾದ್ದು ಅಂಟು. ಮರದ ರಾಳ ಸಿಗದ ಕಡೆ ಅದು ರಸ್ತೆಯ ಡಾಂಬರು, ಹಸಿ ಪೇಂಟ್ ಕೂಡ ಕೆರೆದು ತರುತ್ತದೆ. ಇದನ್ನು ಸಂಶೋಧಕರು ಕಣ್ಣಾರೆ ನೋಡಿ ದಾಖಲಿಸಿದ್ದಾರೆ. ಹಲವು ದೇಶಗಳ ಪ್ರೊಪೋಲಿಸ್ಸಿನಲ್ಲಿ ಸೀಸ ಸಿಕ್ಕಿದೆ. ಅದಕ್ಕೇ ಪೆಟ್ಟಿಗೆ ಹೆದ್ದಾರಿ ಪಕ್ಕ ಇತ್ತೋ, ತೋಟದ ಒಳಗೆ ಇತ್ತೋ ಎಂಬುದು ಮುಖ್ಯವಾಗುತ್ತದೆ. ತೋಟಕ್ಕೆ ಹೊಡೆದ ಕೀಟನಾಶಕದ ಅಂಶ ಮೇಣ, ರಾಳ ಎರಡರಲ್ಲೂ ಉಳಿಯಬಲ್ಲದು.

ಹಾಗಾದರೆ ಕೊಳ್ಳುವವರು ಏನು ನೋಡಬೇಕು? ಲೇಬಲ್ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಆದರೆ ಅದು ಔಷಧ ಎಂಬುದಕ್ಕೆ ಸಾಕ್ಷಿಯಲ್ಲ. ಪ್ರಾಧಿಕಾರದ ನಿಯಮದ ಪ್ರಕಾರ ಹೆಲ್ತ್ ಸಪ್ಲಿಮೆಂಟ್‌ಗಳು ‘ಔಷಧವಾಗಿ ಬಳಸಲು ಅಲ್ಲ’ ಎಂದು ಮೇಲೆಯೇ ಬರೆಯಬೇಕು. 1954ರ ಕೇಂದ್ರ ಕಾನೂನಿನಡಿ ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು ಅಪರಾಧ. ಅಂಥ ಮಾತು ಹೇಳಿ ಮಾರುವವರ ಬಾಟಲಿ ಎಷ್ಟೇ ಒಳ್ಳೆಯದಿದ್ದರೂ ಬೇಡ ಅನ್ನಿ. ಯಾವ ಹುಳದ್ದು, ಎಲ್ಲಿ ತೆಗೆದದ್ದು, ಸೀಸಕ್ಕೆ ಪರೀಕ್ಷೆ ಮಾಡಿಸಿದ ವರದಿ ಇದೆಯಾ ಅಂತ ಕೇಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಬಾಟಲಿಯನ್ನೇ ಒಯ್ದು ತೋರಿಸಿ. ಮುಚ್ಚಿಡುವ ವಿಷಯ ಅಲ್ಲ ಅದು.

ಇದರಲ್ಲಿ ನಮ್ಮ ಜೇನು ಸಾಕುವವರ ಪಾಲೂ ಇದೆ. ಕೇಂದ್ರ ಸರ್ಕಾರ 2020–21ರಿಂದ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಮಿಷನ್ ಶುರು ಮಾಡಿತು. ತುಪ್ಪದ ಜೊತೆಗೆ ಮೇಣ, ಪರಾಗ, ಪ್ರೊಪೋಲಿಸ್ ಮಾರಿ ಆದಾಯ ಹೆಚ್ಚಿಸಿಕೊಳ್ಳಬೇಕು ಎಂಬುದು ಅದರ ಆಶಯಗಳಲ್ಲಿ ಒಂದು. ಆಶಯ ಸರಿಯೇ. ಮೆಲ್ಲಿಫೆರಾ ಪೆಟ್ಟಿಗೆಯ ಮೇಲೆ ಸಣ್ಣ ಕಂಡಿಗಳಿರುವ ಪ್ಲಾಸ್ಟಿಕ್ ಜಾಲರಿ ಇಟ್ಟರೆ ಹುಳಗಳು ಕಂಡಿಗಳನ್ನು ಮುಚ್ಚುತ್ತವೆ. ಜಾಲರಿಯನ್ನು ಫ್ರೀಜರಿನಲ್ಲಿಟ್ಟು ಬಗ್ಗಿಸಿದರೆ ಅಂಟು ಉದುರುತ್ತದೆ. ಕೆರೆದು ತೆಗೆದದ್ದಕ್ಕಿಂತ ಇದು ಶುದ್ಧ. ಆದರೆ ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಸಿಗುವುದು ಗ್ರಾಂ ಲೆಕ್ಕದಲ್ಲೇ. ಗೋಡೆಯ ಅಂಟನ್ನು ಪೂರ್ತಿ ಕೆರೆದು ತೆಗೆದರೆ ಹುಳಗಳ ರಕ್ಷಣೆಯನ್ನೇ ಕಿತ್ತುಕೊಂಡ ಹಾಗೆ.

ನನಗೆ ನಿಜವಾದ ಆತಂಕ ಇರುವುದು ಮುಜಂಟಿಯ ಬಗ್ಗೆ. ಪ್ರೊಪೋಲಿಸ್ಸಿಗೆ ಬೆಲೆ ಬಂತು ಅಂದರೆ ಮೊದಲು ಒಡೆಯುವುದು ಕಲ್ಲು ಗೋಡೆಯ ಸಂದು ಮತ್ತು ಮರದ ಪೊಟರೆ. ಗೂಡು ಒಡೆದರೆ ಮೊಟ್ಟೆ ಮರಿ ಹಾಳು, ಇರುವೆ ನುಗ್ಗುತ್ತದೆ, ಕುಟುಂಬ ಉಳಿಯುವುದು ಕಷ್ಟ. ಕಾಫಿಗೂ ಇದರ ಹೊಡೆತ ಇದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ಆ ಕೆಲವೇ ದಿನಗಳಲ್ಲಿ ಕೆಲಸ ಮಾಡುವ ಹುಳಗಳಲ್ಲಿ ಮುಜಂಟಿಯೂ ಇದೆ.

ಬೇಕಾಗಿರುವ ಕೆಲಸ ಅಂಥಾ ದೊಡ್ಡದೇನಲ್ಲ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು ಇದೆ. ಮಳೆಗೆ ಮುಂಚೆ, ಮಳೆಯ ನಂತರ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳ ಪೆಟ್ಟಿಗೆಗಳಿಂದ ಮಾದರಿ ತೆಗೆದು, ಯಾವ ಮರದ ರಾಳ, ಏನೇನು ಅಂಶ, ಸೀಸ ಎಷ್ಟು ಅಂತ ಪರೀಕ್ಷಿಸಿ ಪ್ರಕಟಿಸಿದರೆ ಕೊಳ್ಳುವವರಿಗೂ ಮಾರುವವರಿಗೂ ಒಂದು ಆಧಾರ ಸಿಗುತ್ತದೆ. ಮುಜಂಟಿಯನ್ನು ಮಡಕೆಯಲ್ಲಿ, ಬಿದಿರಿನಲ್ಲಿ, ಮರದ ಪೆಟ್ಟಿಗೆಯಲ್ಲಿ ಸಾಕುವ ವಿಧಾನ ಇದೆ. ಅದನ್ನು ಕಲಿತವರಿಂದ ಮಾತ್ರ ಅಂಟು ಕೊಳ್ಳುವ ಪದ್ಧತಿ ಈಗಲೇ ಶುರುವಾಗಬೇಕು. ಗೋಡೆಯ ಗೂಡಿಗೆ ಬೆಲೆ ಕಟ್ಟಿಕೊಂಡು ಯಾರಾದರೂ ತೋಟದ ಬಾಗಿಲಿಗೆ ಬಂದರೆ, ದಯವಿಟ್ಟು ಒಡೆಯಲು ಬಿಡಬೇಡಿ.